ಹೊಸ್ತಿಲು ತೆಗೆದವರ ಅಂಗಡಿ

ಬೀದರಿನ ಹಳೆ ಶಹರದ ಚೌಕದಲ್ಲಿ ಲೆವೆಲ್ ಯಂತ್ರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ನಾನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾಗ ಬೆನ್ನ ಹಿಂದಿನಿಂದ ಪ್ರಶ್ನೆ ಬಂತು: "ಫೋಟೋ ಯಾವಾಗ ಕೊಡ್ತೀರಿ?"

ಕೇಳಿದವರು ಕಿರಾಣಿ ಅಂಗಡಿಯ ಸಾಹುಕಾರರು. ಹಣೆತುಂಬ ವಿಭೂತಿ, ಬಿಳಿ ಅಂಗಿಯೊಳಗೆ ಎದೆಯ ಮೇಲೆ ಲಿಂಗದ ಕರಡಿಗೆಯ ಉಬ್ಬು, ಕೈಯಲ್ಲಿ ಚಹಾದ ಬಸಿ. ಇದು ಕ್ಯಾಮೆರಾ ಅಲ್ಲ, ನೆಲ ಎಲ್ಲಿ ಎತ್ತರ ಎಲ್ಲಿ ತಗ್ಗು ಎಂದು ಅಳೆಯುವ ಯಂತ್ರ ಎಂದೆ. ಅವರು ಬಸಿಯಲ್ಲಿ ಉಳಿದಿದ್ದ ಚಹಾ ಮುಗಿಸಿ ಹೇಳಿದರು: "ಅದಕ್ಕ ಇಷ್ಟು ದೊಡ್ಡ ಸಾಮಾನ ಯಾಕ ತಂದ್ರಿ. ಮುಂಗಾರಿ ಸುರು ಆಗಿ ಮಿರಗದ ಮಳಿ ಬಂದಾಗ ನಮ್ಮ ಅಂಗಡ್ಯಾಗ ಬಂದು ಕುಂದರ್ರಿ. ತಗ್ಗು ತಾನ ಬಂದು ಭೇಟಿ ಆಗ್ತದ." ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗುವುದು ಸುಲಭವಿತ್ತು.

ಆ ಚೌಕವನ್ನು ಹೊಸದಾಗಿ ರೂಪಿಸುವ ಕೆಲಸ ನಮ್ಮ ಸಣ್ಣ ಕಂಪನಿಗೆ ಬಂದಿತ್ತು. ಕಾಗದದಲ್ಲಿ ಅದರ ಹೆಸರು ಬಹಳ ಚೆಂದ: "ಎಲ್ಲರನ್ನೂ ಒಳಗೊಳ್ಳುವ ಸುಸ್ಥಿರ ಸಾರ್ವಜನಿಕ ಸ್ಥಳ". ನಾನು ಭಾಲ್ಕಿಯವಳು, ಬೀದರಿನ ಮೈಲೂರು ಬಡಾವಣೆಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದೆ. ಅದಕ್ಕೂ ಮುಂಚೆ ಔರಾದಿನ ಒಂದು ಶಾಲೆಯ ಅಂಗಳಕ್ಕೆ ನಕ್ಷೆ ಮಾಡಿದ್ದೆ. ಅಲ್ಲಿನ ಕರಿ ಮಣ್ಣು ಒಂದು ಪಾಠ ಕಲಿಸಿತ್ತು. ನೀರಿನ ದಾರಿಯನ್ನು ಮೊದಲು ನೋಡಬೇಕು, ಗಿಡ, ಬೆಂಚು, ದೀಪ ಎಲ್ಲ ಆಮೇಲೆ. ಹಾಗಾಗಿ ಬೀದರಿಗೂ ಮೊದಲು ಲೆವೆಲ್ ಯಂತ್ರ ಹೊತ್ತುಕೊಂಡೇ ಬಂದಿದ್ದೆ.

ಅಳತೆ ಹಾಕಿ ಮುಗಿಸಿದಾಗ ಒಂದು ವಿಚಿತ್ರ ಕಂಡಿತು. ಚೌಕದ ಪೂರ್ವದ ಸಾಲಿನ ಅಂಗಡಿಗಳ ನೆಲ ರಸ್ತೆಗಿಂತ ಕೆಳಗಿತ್ತು. ಅಂಗಡಿಗಳೇನೂ ಕುಸಿದಿರಲಿಲ್ಲ. ರಸ್ತೆ ಮೇಲೆದ್ದಿತ್ತು. ಯಾರಾದರೂ ದೊಡ್ಡವರು ಬರುತ್ತಾರೆಂದರೆ ಒಂದು ಪದರ ಡಾಂಬರು, ಚುನಾವಣೆ ಎಂದರೆ ಇನ್ನೊಂದು, ಪೈಪು ಹಾಕಿ ಮುಚ್ಚಿದ ಮೇಲೆ ಮತ್ತೊಂದು. ಹಳೆಯದನ್ನು ಕೆರೆದು ತೆಗೆಯುವ ಕಷ್ಟ ಯಾರೂ ಪಡಲಿಲ್ಲ. ರಸ್ತೆ ಏರಿದಂತೆಲ್ಲ ಮಳೆ ನೀರು ಅಂಗಡಿಗೆ ನುಗ್ಗತೊಡಗಿತು. ಅಂಗಡಿಯವರು ಬಾಗಿಲಿಗೆ ಅಡ್ಡವಾಗಿ ಕಲ್ಲು ಕೂರಿಸಿದರು. ರಸ್ತೆ ಮತ್ತೆ ಏರಿತು, ಕಲ್ಲೂ ಏರಿತು. ಈಗ ಆ ಸಾಲಿನ ಯಾವ ಅಂಗಡಿಗೆ ಹೋಗಬೇಕಾದರೂ ಮೊಣಕಾಲೆತ್ತರದ ಕಲ್ಲು ದಾಟಿ ಒಳಗೆ ಇಳಿಯಬೇಕು.

ಆ ಕಲ್ಲು ದಾಟಲಾಗದವರು ಒಬ್ಬರಿದ್ದರು.

ಸಾಹುಕಾರರ ಪಕ್ಕದ್ದು ಬಳೆ ಅಂಗಡಿ. ಅದರ ಒಡತಿಯನ್ನು ಚೌಕವೆಲ್ಲ ಆಪಾ ಎನ್ನುತ್ತಿತ್ತು, ಅಂದರೆ ಅಕ್ಕ. ನಲವತ್ತರ ಆಸುಪಾಸಿನವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಹಿಂದಿನ ಗಲ್ಲಿಯಲ್ಲಿ ಮನೆ. ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಅಂಗಡಿಯ ಮುಂದಿನ ತನಕ ಬರುತ್ತಿದ್ದರು. ಅಲ್ಲಿಂದ ಮುಂದೆ ಅವರ ತಮ್ಮ ಬರಬೇಕು. ಅವನು ಊರ ಹೊರಗಿನ ಕೊಳಾರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಅವನು ಎತ್ತಿ ಕಲ್ಲು ದಾಟಿಸಿ ಒಳಗೆ ಕೂರಿಸಿದರೆ ಅಂಗಡಿ ತೆರೆಯಿತು. ಅವನ ಪಾಳಿ ಬದಲಾದರೆ ಅಂಗಡಿಯ ಹೊತ್ತೂ ಬದಲಾಯಿತು. ಹಬ್ಬದ ಮುಂದಿನ ದಿನ, ಹೆಂಗಸರು ಬಳೆ ಕೊಳ್ಳಲು ಸಾಲು ನಿಂತಾಗ, ಆಪಾ ಬೀಗದ ಕೈ ಮಡಿಲಲ್ಲಿಟ್ಟುಕೊಂಡು ತಮ್ಮ ಅಂಗಡಿಯ ಹೊರಗೆ ತಾವೇ ಗಿರಾಕಿಯಂತೆ ಕಾದದ್ದನ್ನು ನಾನು ನೋಡಿದ್ದೇನೆ.

ಚಹಾದಂಗಡಿಯವರು ನಾಲ್ಕು ಜನ ಸೇರಿ ಎತ್ತುತ್ತೇವೆ ಎನ್ನುತ್ತಿದ್ದರು. ಅವರು ಒಪ್ಪುತ್ತಿರಲಿಲ್ಲ. ಯಾಕೆಂದು ಕೇಳಿದೆ.

"ಉಠಾನಾ ನಕ್ಕೋ ಅಂತ ಹೇಳೀನಿ," ಎಂದರು. "ಎತ್ತಬ್ಯಾಡ್ರಿ. ನಾ ಏನು ಬೆಲ್ಲದ ಪೆಂಟಿ ಏನ್ರಿ? ಭಾಯಿ ಎತ್ತಿದ್ರ ಭಾಯಿ. ಹೊರಗಿನ ಗಂಡಸರು ಮುಟ್ಟೋದು ನನಗ ಸೇರಂಗಿಲ್ಲ. ದುಕಾನ ಬಂದ್ ಇದ್ರ ಇರ್ಲಿ."

ಆಮೇಲೆ ನನ್ನ ನಕ್ಷೆಯ ಹಾಳೆಯ ಮೇಲೆ ಬೆರಳಿಟ್ಟು ತಮ್ಮ ಅಂಗಡಿ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. "ಇಲ್ಲಿ ಗಿಡ ಬ್ಯಾಡ, ನೀರಿನ ಫವಾರಾ ಬ್ಯಾಡ," ಎಂದರು. "ನಂದು ಕೀಲಿ ನಾ ತೆಗದು, ನಂದು ದುಕಾನದಾಗ ನಾ ಹೋಗಬೇಕು. ಸಂಜಿಗಿ ನಾ ಹೊರಗ ಬರಬೇಕು. ಅಷ್ಟ ಮಾಡ್ರಿ, ಉಳದದ್ದು ನಿಮಗ ಹ್ಯಾಂಗ ಬೇಕೋ ಹಂಗ."

ಆ ಕಾಗದದ ಚೆಂದದ ಮಾತಿಗೆ ನನಗೆ ಸಿಕ್ಕ ಅರ್ಥ ಇದೊಂದೇ. ಇವರು ಒಳಗೆ ಹೋಗಿ ಹೊರಗೆ ಬಂದರೆ ಚೌಕ ಗೆದ್ದಂತೆ, ಇಲ್ಲದಿದ್ದರೆ ಇಲ್ಲ ಎಂದು ಅಂದೇ ನಿರ್ಧರಿಸಿಕೊಂಡೆ.

ದಾರಿ ಒಂದೇ ಇತ್ತು. ಮೇಲೆ ಹಾಕುವುದನ್ನು ಬಿಟ್ಟು ಕೆಳಗೆ ಅಗೆಯಬೇಕು. ಎಷ್ಟು ಅಗೆಯಬೇಕೆಂದು ತಿಳಿಯಲು ಒಂದು ಪರೀಕ್ಷಾ ಗುಂಡಿ ತೋಡಬೇಕಿತ್ತು. ಸಾಹುಕಾರರ ಅಂಗಡಿಯ ಮುಂದೆ ಜಾಗ ಗುರುತು ಮಾಡಿದಾಗ ಅವರ ಮುಖ ಬಿಗಿಯಿತು. ಆ ಬಾಗಿಲ ಕಲ್ಲಿಗೆ ಅವರು ದಿನಾ ಬೆಳಿಗ್ಗೆ ನೀರು ಹಾಕಿ, ವಿಭೂತಿ ಎಳೆದು, ಹೂವಿಟ್ಟು ಆಮೇಲೆ ಗಲ್ಲಾಪೆಟ್ಟಿಗೆ ತೆರೆಯುವವರು. ನೀರು ತಡೆಯಲು ಅವರ ತಂದೆ ಕೂರಿಸಿದ್ದ ಕಲ್ಲು ಅದು. ಕೂರಿಸಿದ ಮೇಲೆ ಅದೇ ಹೊಸ್ತಿಲಾಯಿತು, ಹೊಸ್ತಿಲಾದ ಮೇಲೆ ದೇವರಾಯಿತು.

"ಗುಂಡಿ ತೋಡ್ರಿ. ಹೊಸ್ತಿಲಕ್ಕ ಹಾರಿ-ಗುದ್ದಲಿ ತಾಗಬಾರದು ನೋಡ್ರಿ," ಎಂದರು.

ಜೆಸಿಬಿ ಬೇಡವೆಂದು ಕೈಯಿಂದಲೇ ತೋಡಿಸಿದೆ. ಎಕಂಬಾ ಕಡೆಯ ಕೂಲಿಗಳು ಗುದ್ದಲಿ ಹಿಡಿದರು. ಮೇಲೆ ಡಾಂಬರಿನ ಪದರಗಳು, ನಡುನಡುವೆ ಜಲ್ಲಿ, ಅದರ ಕೆಳಗೆ ಮುರುಮು, ಪ್ಲಾಸ್ಟಿಕ್ಕು, ಒಡೆದ ಕಪ್ಪು-ಬಸಿ, ಅದರ ಕೆಳಗೆ ತಣ್ಣಗಿನ ಕೆಂಪು ಕಲ್ಲಿನ ಹಾಸು. ಬೀದರಿನ ಕೆಂಪು ಕಲ್ಲು, ತೂತು ತೂತಾಗಿರುವುದು, ನೀರು ಸುರಿದರೆ ಕುಡಿದುಬಿಡುವುದು. ಹಳೆಯ ಚೌಕದ ನೆಲ ಹಾಗೇ ಮಲಗಿತ್ತು. ಗುಂಡಿಯ ಅಂಗಡಿ ಬದಿಯ ಗೋಡೆ ಒರೆಸಿದಾಗ ಸಾಹುಕಾರರ ಹೊಸ್ತಿಲಿನ ಕೆಳಗೆ ಇನ್ನೊಂದು ಹೊಸ್ತಿಲು ಕಂಡಿತು. ಅಗಲವಾದ ಕೆಂಪು ಕಲ್ಲು, ನಡುವೆ ಕಾಲಿಟ್ಟು ಕಾಲಿಟ್ಟು ಸವೆದ ಕುಳಿ.

ಸಾಹುಕಾರರು ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಚಾಚಿ ಆ ಕುಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಇದು ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ ತುಳದದ್ದದ," ಎಂದರು. "ನಾವು ಇಷ್ಟು ದಿನ ಅದರ ತಲಿ ಮ್ಯಾಲ ಕಲ್ಲಿಟ್ಟು ಪೂಜಿ ಮಾಡ್ಲತ್ತೀವಿ ನೋಡ್ರಿ." ಮೇಲಿನ ಕಲ್ಲು ತೆಗೆಯಲು ಅವರು ಆ ಹೊತ್ತಿಗೇ ಒಪ್ಪಿದರು.

ಕಚೇರಿಯನ್ನು ಒಪ್ಪಿಸುವುದು ಇದರಷ್ಟು ಸುಲಭವಾಗಲಿಲ್ಲ. ಯೋಜನೆಯ ಮೇಲಿದ್ದ ಅಧಿಕಾರಿಯನ್ನು ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಅವರೂ ಭಾಲ್ಕಿ ತಾಲ್ಲೂಕಿನವರೇ. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ಅಗೆಯುವುದೆಂದರೆ ಪೈಪು, ಕೇಬಲ್ಲು, ಮಣ್ಣು ಸಾಗಣೆ, ದೂರು ಎಂದು ತಲೆ ಕೊಡವಿದರು. ನಾನು ಗುಂಡಿಯ ಅಡ್ಡಸೀಳು ಚಿತ್ರ ಹಾಕಿ ತೋರಿಸಿದೆ. ಚೌಕವನ್ನು ಹಳೆ ಮಟ್ಟಕ್ಕೆ ಇಳಿಸಿದರೆ ಅಂಗಡಿಗಳ ನೆಲ ಚೌಕಕ್ಕಿಂತ ಅರ್ಧ ಗೇಣು ಮೇಲಿರುತ್ತದೆ. ಹನ್ನೆರಡು ಅಡಿ ಉದ್ದಕ್ಕೆ ಒಂದಡಿ ಏರುವ ಇಳಿಜಾರು ಸಾಕು, ಗಾಲಿಕುರ್ಚಿ ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಹಳೆ ಕೆಂಪು ಕಲ್ಲನ್ನೇ ತಿರುಗಿಸಿ ಹಾಸಿ ಸಂದಿಗೆ ಮರಳು ತುಂಬಿದರೆ ಮಳೆ ನೀರಿನ ಒಂದು ಪಾಲು ಅಲ್ಲೇ ಇಂಗುತ್ತದೆ, ಉಳಿದದ್ದು ಅಂಗಡಿಗಳಿಂದ ದೂರ, ನಡುವಿನ ಕಾಲುವೆಗೆ ಹರಿದು, ಜಲ್ಲಿ ಮರಳಿನಲ್ಲಿ ಸೋಸಿ, ಮೂಲೆಯ ಮುಚ್ಚಿದ ಬಾವಿಗೆ ಸೇರುತ್ತದೆ. ಚೌಕದ ಬೇವಿನ ಮರಗಳ ಬುಡಕ್ಕೂ ಉಸಿರು ಸಿಗುತ್ತದೆ. ಸಾಹೇಬರು ಚಿತ್ರವನ್ನು ತಿರುವಿ ಮುರುವಿ ನೋಡಿ, "ನೀ ಹಟಮಾರಿ ಇದ್ದಿ ತಂಗಿ," ಎಂದು ಸಹಿ ಹಾಕಿದರು. ಅಂದು ನಾನು ಭಾಲ್ಕಿಗೆ ಫೋನು ಮಾಡಿ ಅಮ್ಮನಿಗೆ ಹೇಳಿಕೊಂಡು ಮೆರೆದೆ.

ಪಶ್ಚಿಮದ ಭಾಗದಿಂದ ಕೆಲಸ ಶುರುವಾಯಿತು. ಗುತ್ತಿಗೆದಾರ ಔರಾದ ಕಡೆಯವನು, ಮಾತಿನಲ್ಲಿ ಬೆಣ್ಣೆ, ಕೆಲಸದಲ್ಲಿ ಅವಸರ. ಅಗೆದ ಮೊದಲ ವಾರವೇ ಯಾವ ನಕ್ಷೆಯಲ್ಲೂ ಇಲ್ಲದ ನೀರಿನ ಪೈಪು ಒಡೆಯಿತು. ಗಲ್ಲಿಗಳ ನಲ್ಲಿ ಒಣಗಿದವು. ಹೆಂಗಸರು ಕೊಡ ಹಿಡಿದುಕೊಂಡು ಬಂದು ನನ್ನನ್ನು ಕನ್ನಡದಲ್ಲೂ ದಖನಿ ಉರ್ದುವಿನಲ್ಲೂ ಬೈದು ಹೋದರು. ಕೇಬಲ್ಲುಗಳು ಶಾವಿಗೆಯಂತೆ ಹೆಣೆದುಕೊಂಡಿದ್ದವು, ಯಾವುದು ಜೀವಂತ ಯಾವುದು ಸತ್ತದ್ದು ಗೊತ್ತಾಗದೆ ಒಂದೊಂದನ್ನೂ ತಾಳ್ಮೆಯಿಂದ ಬಿಡಿಸಬೇಕಾಯಿತು. ಹಳೆ ಹಾಸು ಒಡೆಯಬಾರದೆಂದು ಕೈಗೆಲಸ. ಹೀಗೆ ಕೆಲಸ ಎಳೆಯಿತು. ಆದರೆ ಮುಗಿದ ಭಾಗ ಚೆನ್ನಾಗಿತ್ತು. ಒಂದು ಅಕಾಲದ ಮಳೆ ಬಂದು ಹೋದ ಮೇಲೆ ನಾನು ಓಡಿಹೋಗಿ ನೋಡಿದೆ. ಪಶ್ಚಿಮದಲ್ಲಿ ಒಂದು ಹನಿ ನಿಂತಿರಲಿಲ್ಲ. ಹತ್ತಿರದ ದರ್ಗಾದ ಮುದುಕರು ಬೇವಿನ ಕೆಳಗಿನ ಕಟ್ಟೆಯಲ್ಲಿ ಒರಗಿ ಕೂತಿದ್ದರು. ಸಾಹುಕಾರರು ತಮ್ಮ ಅಂಗಡಿ ಬಿಟ್ಟು ಬಂದು ಒದ್ದೆ ಕಲ್ಲನ್ನು ಚಪ್ಪಲಿ ಕಳಚಿ ತುಳಿದು ನೋಡಿ ಹೋದರು.

ಪೂರ್ವದ ಸಾಲಿಗೆ ಬರುವ ಮುಂಚೆ ಅಂಗಡಿಯವರು ಬಾಗಿಲ ಕಲ್ಲು ತೆಗೆಯಬೇಕಿತ್ತು. ಕಲ್ಲು ಹೋದರೆ ಮಾತ್ರ ಹಳೆ ಹೊಸ್ತಿಲಿಗೆ ಇಳಿಜಾರು ಜೋಡಿಸಲು ಬರುತ್ತಿತ್ತು. ಸಾಹುಕಾರರು ದಿನ ಮುಂದೆ ಹಾಕಿದರು.

"ಕಾರಹುಣ್ಣಿವಿ ಆಗ್ಲಿ ತಾಯಿ. ಅದರ ಬೆನ್ನಿಗಿ ಛಲೋ ದಿನ ನೋಡಿ ತೆಗಿತೇವು."

"ಶರಣರು ಮುಹೂರ್ತ ನೋಡಬ್ಯಾಡ ಅಂದಾರಲ್ರಿ, ಸಾವ್ಕಾರ್ರ," ಎಂದು ನಾನು ಕೆಣಕಿದೆ.

"ಅಂದಾರ, ಖರೇ ಅದ. ಆದ್ರ ಮನ್ಯಾಗ ನಮ್ಮಾಕಿ ನೋಡು ಅಂತಾಳ. ಶರಣರು ರಾತ್ರಿ ಊಟಕ್ಕ ನೀಡಂಗಿಲ್ಲಲ್ರಿ."

ಸಾಲಿನ ಉಳಿದವರೂ ಸಾಹುಕಾರರು ತೆಗೆಯಲಿ, ಆಮೇಲೆ ನಾವು ಎಂದು ಕಾದರು. ಆಪಾ ಕಾಯಲಿಲ್ಲ. ನಾನು ಹೇಳಿ ಬಂದ ಮರುದಿನವೇ ತಮ್ಮನಿಂದ ಕಲ್ಲು ಬಿಚ್ಚಿಸಿದರು. ಅದು ಅವರ ಅಬ್ಬಾ, ಅಂದರೆ ತಂದೆ, ಕೂರಿಸಿದ ಕಲ್ಲು. ಒಡೆಯಬಾರದು, ಇಡಿಯಾಗಿ ತೆಗೆಯಬೇಕು ಎಂದು ಎದುರಿಗೇ ಕೂತು ಮಾಡಿಸಿದರು. ತೆಗೆದ ಕಲ್ಲನ್ನು ಅಂಗಡಿಯ ಒಳಗೋಡೆಗೆ ಒರಗಿಸಿಟ್ಟರು. "ಅಬ್ಬಾ ಪಾನೀ ತಡೀಲಿಕ್ಕ ಹಾಕಿದ್ರು," ಎಂದರು. "ಪಾನೀನೂ ತಡೀತು, ನನಗೂ ತಡೀತು." ಅವರ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ವಾರವೇ ದೊಡ್ಡ ಸಾಹೇಬರ ಫೋನು ಬಂತು. ಉದ್ಘಾಟನೆಗೆ ಸರಕಾರದ ದೊಡ್ಡವರೊಬ್ಬರು ಬರುವ ದಿನ ಗೊತ್ತಾಗಿತ್ತು. ನಮ್ಮ ಲೆಕ್ಕಕ್ಕಿಂತ ಬಹಳ ಮೊದಲು. ಚೌಕದಲ್ಲೇ ಸಭೆ ಸೇರಿತು. ಪೂರ್ವದ ಭಾಗ ಅಗೆಯಲು ಸಮಯವಿಲ್ಲ ಎಂದು ಗುತ್ತಿಗೆದಾರ ಮೊದಲೇ ಹೇಳಿಟ್ಟಿದ್ದ. ಹಾಗಾಗಿ ಸಭೆ ಶುರುವಾಗುವ ಮುಂಚೆಯೇ ತೀರ್ಮಾನ ಮುಗಿದಿತ್ತು.

"ಮ್ಯಾಲಿಂದ ಮ್ಯಾಲ ಕಾಂಕ್ರೀಟ್ ಹೊಡದುಬಿಡ್ತೇವಿ ಮೇಡಂ," ಎಂದ ಅವನು. "ಕೆಂಪು ಬಣ್ಣ ಹಾಕಿ ಕಲ್ಲಿನ ಅಚ್ಚು ಒತ್ತತೇವಿ. ಫೋಟೋದಾಗ ಫರಕ ಗೊತ್ತಾಗಂಗಿಲ್ಲ."

ಅಂಗಡಿಯ ನೆಲ ಈಗಲೇ ಕೆಳಗಿದೆ, ಇನ್ನೊಂದು ಪದರ ಬಂದರೆ ಗುಂಡಿಯಾಗುತ್ತದೆ ಎಂದೆ. ಉದ್ಘಾಟನೆ ಪಶ್ಚಿಮದ ಭಾಗಕ್ಕೆ ಮಾತ್ರ ಮಾಡಿ, ಪೂರ್ವವನ್ನು ಮಳೆಗಾಲದ ಆಚೆ ಅಗೆಯೋಣ ಎಂದೆ. ಆ ದಾರಿ ನಿಜಕ್ಕೂ ಇತ್ತು. ಯಾರಿಗೂ ನಷ್ಟವಿರಲಿಲ್ಲ. ದೊಡ್ಡ ಸಾಹೇಬರು ಬಾಯಲ್ಲಿದ್ದ ಎಲೆ ಉಗುಳಿ ಬಂದು ಸಮಾಧಾನದಿಂದ ಹೇಳಿದರು: "ಅರ್ಧ ಚೌಕ ತೋರಿಸಿದ್ರ ನನ್ನ ಮಾನ ಎಲ್ಲಿ ಉಳೀತದ ತಂಗಿ? ಗಾಲಿಕುರ್ಚಿಯವರಿಗಿ ರ‍್ಯಾಂಪ್ ಬೇಕು ಅಂತ ನೀನ ಅಂತಿದ್ದಿ. ಬಳಿ ಅಂಗಡಿ ಮುಂದ ಒಂದು ಛಲೋ ರ‍್ಯಾಂಪ್ ಮಾಡಸ್ತೇನಿ, ಸ್ಟೀಲ್ ರೇಲಿಂಗ್ ಹಚ್ಚಿ. ಆತಿಲ್ಲ?"

ಅದು ಮೇಲಕ್ಕೆ ಹೋಗುವ ಇಳಿಜಾರಲ್ಲ, ರಸ್ತೆಯಿಂದ ಅಂಗಡಿಗೆ ಇಳಿಯುವ ಜಾರು. ಮೇಲಿನ ನೀರೆಲ್ಲ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ ಎಂದು ಕೂಗಿಯೇ ಹೇಳಿದೆ. ಬದಲಿಸಿದ ಮಟ್ಟದ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ ಎಂದೆ. ಹಾಕಲಿಲ್ಲ. ಎರಡನೆಯ ದಿನ ನಮ್ಮ ಕಂಪನಿಯ ಯಜಮಾನರು ಕಲಬುರಗಿಯಿಂದ ಕಾರಲ್ಲಿ ಬಂದು, ನನ್ನ ಮುಖ ನೋಡದೆ ಸಹಿ ಹಾಕಿ, ಊಟಕ್ಕೂ ನಿಲ್ಲದೆ ಹೋದರು. ನನ್ನ ಸಹಿಯ ಬೆಲೆ ಅಷ್ಟೇ ಎಂದು ಆ ದಿನ ತಿಳಿಯಿತು.

ನೇರ ಆಪಾ ಹತ್ತಿರ ಹೋದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅಗೆಯುವುದಿಲ್ಲ, ಮೇಲೆ ಹಾಕುತ್ತಾರೆ, ಮಳೆ ಬಂದರೆ ನೀರು ನಿಮ್ಮ ಅಂಗಡಿಗೇ ಬರುತ್ತದೆ, ಕಾಂಕ್ರೀಟಿನವರು ಬರುವ ಮುಂಚೆ ಕಲ್ಲನ್ನು ಮತ್ತೆ ಕೂರಿಸಿಬಿಡಿ. ಅವರು ಗೋಡೆಗೆ ಒರಗಿದ್ದ ಕಲ್ಲನ್ನೂ ನನ್ನನ್ನೂ ನೋಡಿದರು.

"ರ‍್ಯಾಂಪ್ ಮಾಡ್ತಾರಲ್ಲ? ಅದರ ಮ್ಯಾಲಿಂದ ನಾ ಒಳಗ ಹೋಗ್ಲಿಕ್ಕ ಬರ್ತದೇನು?"

"ಇಳೀಲಿಕ್ಕ ಬರ್ತದ. ಬಹಳ ಕಡಿದಾದ ಜಾರು ಅದ. ಹತ್ತಿ ಹೊರಗ ಬರ್ಲಿಕ್ಕ ಆಗಂಗಿಲ್ಲ."

"ಇಳೀಲಿಕ್ಕ ಬರ್ತದಲ್ಲ," ಎಂದರು. ಸ್ವಲ್ಪ ಹೊತ್ತು ಬಳೆ ಡಬ್ಬಿಗಳನ್ನು ಸರಿಪಡಿಸಿದರು. "ಹಂಗಾರ ಮಳಿ ಬರೋತನ ಕಲ್ಲು ಬ್ಯಾಡ. ಒಂದು ನಾಕು ದಿನ ನಾ ಸ್ವತಃ ನಂದು ದುಕಾನ ತೆಗೀತೀನಿ. ಮಳಿ ಸುರು ಆಗ್ಲಿ, ಭಾಯಿ ಕಲ್ಲು ಹಾಕ್ತಾನ."

ಆಗಲಿ ಎಂದುಬಿಟ್ಟೆ. ಅವರದು ಮೌಢ್ಯವಾಗಿರಲಿಲ್ಲ, ಗೊತ್ತಿದ್ದೇ ಕೇಳಿದ ನಾಲ್ಕು ದಿನ. ಆ ನಾಲ್ಕು ದಿನಕ್ಕೂ ಅವರು ಕೈ ಒಡ್ಡಬೇಕಾಯಿತಲ್ಲ ಎಂದು ನನಗೆ ಉರಿಯಿತು.

ಕಾಂಕ್ರೀಟು ಬಂತು. ಬೇವಿನ ಬೊಡ್ಡೆಗೆ ಅಂಟಿಕೊಂಡಂತೆ ಸುರಿದರು. ಕಾಂಕ್ರೀಟಿನ ಮೈ ನಡುವಿನ ಕಾಲುವೆಯ ಬದಲು ಅಂಗಡಿಗಳ ಕಡೆಗೆ ಇಳಿಯಿತು, ಕಾಲುವೆಗೆ ಸೇರಬೇಕಾದರೆ ನೀರು ಮೇಲೇರಬೇಕು. ಕೆಂಪು ಬಣ್ಣದ ಮೇಲೆ ಕಲ್ಲಿನ ಅಚ್ಚು ಒತ್ತಿದರು. ಗುತ್ತಿಗೆದಾರ ಹೇಳಿದಂತೆ ಫೋಟೋದಲ್ಲಿ ಫರಕು ಗೊತ್ತಾಗುವುದಿಲ್ಲ, ನಾನೇ ನೋಡಿದ್ದೇನೆ. ಆಪಾ ಅಂಗಡಿಯ ಮುಂದೆ ಹೊಳೆಯುವ ರೇಲಿಂಗಿನ ಇಳಿಜಾರು ಬಂತು, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರದ ನೀಲಿ ಫಲಕ.

ಉದ್ಘಾಟನೆಯ ದಿನ ದೊಡ್ಡವರು ಆ ಇಳಿಜಾರಿನ ಮುಂದೆ ನಿಂತರು. ಆಪಾರನ್ನು ಮೇಲಿನಿಂದ ಇಳಿಯಲು ಹೇಳಿದರು. ಹಿಂದಿನಿಂದ ಅವರ ತಮ್ಮ ಕುರ್ಚಿ ಹಿಡಿಯಲು ಹೋದರೆ ಫೋಟೋದವರು ಅವನನ್ನು ಪಕ್ಕಕ್ಕೆ ಸರಿಸಿದರು. ಅವರು ಒಬ್ಬರೇ ಇಳಿದರು. ಚಪ್ಪಾಳೆ ಬಿತ್ತು. ಮುಂದೆ ಆ ಫೋಟೋ ಚೌಕದ ಮೂಲೆಯ ದೊಡ್ಡ ಬ್ಯಾನರಿನಲ್ಲಿ ಬಂತು. ಅದರಲ್ಲಿ ಆಪಾ ಹಲ್ಲು ಕಾಣುವಂತೆ ನಗುತ್ತಿದ್ದಾರೆ. "ನಗ್ಲತ್ತಿಲ್ರಿ," ಎಂದು ಅವರೇ ಹೇಳಿದರು. "ಗಾಲಿ ಗಟ್ಟಿ ಹಿಡ್ಕೊಂಡಿದ್ದೆ. ಜಾರಿದ್ರ ಕಪಾಟದಾಗ ಹೋಗ್ತಿದ್ದೆ. ಹಲ್ಲು ಕಚ್ಚಿದ್ದು ನಗುವ ಹಂಗ ಬಂದದ."

ಆದರೂ ಆ ಬೆಳಿಗ್ಗೆಗಳು ಅವರದಾದವು. ಕೆಲಸವಿಲ್ಲದಿದ್ದರೂ ನಾನು ಚೌಕಕ್ಕೆ ಹೋಗಿ ಚಹಾದಂಗಡಿಯ ಎದುರು ನಿಲ್ಲುತ್ತಿದ್ದೆ. ಆಪಾ ಗಲ್ಲಿಯಿಂದ ಬಂದು, ಗಾಲಿಗಳನ್ನು ಬಿಗಿಹಿಡಿದು ಇಷ್ಟಿಷ್ಟೇ ಇಳಿದು, ಬಗ್ಗಿ ಬೀಗ ತೆಗೆದು, ಶಟರನ್ನು ಕೋಲಿನಿಂದ ಮೇಲೆ ನೂಕಿ ಒಳಗೆ ಹೋಗುತ್ತಿದ್ದರು. ಲೋಬಾನದ ಧೂಪ ಹಚ್ಚುತ್ತಿದ್ದರು. ಎಲ್ಲರಿಗಿಂತ ಮುಂಚೆ ತೆರೆಯುವ ಅಂಗಡಿ ಅದೇ ಆಯಿತು. ಸಂಜೆ ಮಾತ್ರ ತಮ್ಮ ಬರುವ ತನಕ ಒಳಗೇ ಕೂತಿರಬೇಕು. ಒಳಗ ಹೋಗೋದು ನಂದು, ಹೊರಗ ಬರೋದು ಭಾಯಿದು ಎಂದು ನಗುತ್ತಿದ್ದರು.

ಮಿರಗದ ಮಳೆ ಕಾರಹುಣ್ಣಿಮೆಗೂ ಮುಂಚೆ ಬಂತು, ಯಾವ ಸೂಚನೆಯೂ ಇಲ್ಲದೆ, ಮಧ್ಯಾಹ್ನದ ಹೊತ್ತಿಗೆ. ನಾನು ಆಗ ಭಾಲ್ಕಿಯಲ್ಲಿದ್ದೆ. ಆಪಾರ ತಮ್ಮ ಕೊಳಾರದಲ್ಲಿ ಪಾಳಿಯಲ್ಲಿದ್ದ. ನಡೆದದ್ದನ್ನು ಮರುದಿನ ಸಾಹುಕಾರರು ಹೇಳಿದರು. ಬೇರೆ ಅಂಗಡಿಗಳಿಗೆ ಹಳೆ ಕಲ್ಲು ಇನ್ನೂ ಇದ್ದವು, ನೀರು ಅಲ್ಲಿ ತಾಗಿ ತಿರುಗಿತು. ತಿರುಗಿದ ನೀರೆಲ್ಲ ರೇಲಿಂಗಿನ ನಡುವಿನ ಜಾರಿನಲ್ಲಿ ಒಟ್ಟಾಗಿ ಬಳೆ ಅಂಗಡಿಗೆ ಬಿತ್ತು. ಇಂಗಲು ಕಾಂಕ್ರೀಟಿಗೆ ಬಾಯಿಲ್ಲ. ಆಪಾ ಹೊರಗೆ ಬರಲು ಎರಡು ಸಲ ಪ್ರಯತ್ನಿಸಿದರಂತೆ. ಏರಲಾಗದೆ ಕುರ್ಚಿ ಹಿಂದಕ್ಕೆ ಜಾರಿತು. ಕೆಳಗಿನ ಸಾಲಿನ ಡಬ್ಬಿಗಳು ತೇಲತೊಡಗಿದವು. ನೀರು ಗಾಲಿಯ ಅರ್ಧಕ್ಕೆ ಬಂದಾಗ ಅವರು ಕೂಗಿದರು.

"ನಾ ಹೋದೆ," ಎಂದರು ಸಾಹುಕಾರರು. "ಚಹಾದ ಹುಡುಗರೂ ಬಂದ್ರು. ಮುಟ್ಟಬ್ಯಾಡ್ರಿ ಅಂತ ಮೊದಲ ಅಂದಳು. ನೀರು ಏರ್ಲತ್ತಿತ್ತು. ಆಮ್ಯಾಲ ಮುಖದ ಮ್ಯಾಲ ಸೆರಗು ಎಳಕೊಂಡು, ಎತ್ರಿ ಅಂದಳು. ಎತ್ತಿದೆವು. ನಮ್ಮ ಅಂಗಡ್ಯಾಗ ತಂದು ಕುಂದರಿಸಿದೆವು. ಸೆರಗು ತೆಗೀಲೇ ಇಲ್ಲ ತಾಯಿ. ಭಾಯಿ ಬರೋತನ ಹಂಗ ಕೂತಿದ್ದಳು."

ಅವರ ಅಂಗಡಿ ಒಣಗಿತ್ತು. ಹೊಸ್ತಿಲ ಕಲ್ಲಿನ ಮೇಲೆ ಅಂದಿನ ಹೂವು ಹಾಗೇ ಇತ್ತು. ನಾನು ಅದನ್ನು ನೋಡುತ್ತಿರುವುದು ಕಂಡು ಅವರು ಮುಖ ತಿರುಗಿಸಿದರು. ತಡ ಮಾಡಿದವರೆಲ್ಲ ಉಳಿದಿದ್ದರು. ನನ್ನ ಮಾತನ್ನು ಕೇಳಿದ ತಕ್ಷಣ ನಂಬಿದವರ ಅಂಗಡಿ ಒಂದೇ ಮುಳುಗಿತ್ತು.

ಬಳೆ ಅಂಗಡಿಯ ಮುಂದೆ ಆಪಾರ ತಮ್ಮ ಡಬ್ಬಿಗಳನ್ನು ಬಿಸಿಲಿಗೆ ಹರವಿದ್ದ. ಗಾಜಿನ ಬಳೆಗೆ ನೀರು ಏನೂ ಮಾಡುವುದಿಲ್ಲ. ಆದರೆ ರಟ್ಟು ಕರಗಿ ಅಳತೆಗಳೆಲ್ಲ ಒಂದರೊಳಗೊಂದು ಸೇರಿ ಹೋಗಿದ್ದವು, ಅರಗಿನ ಬಳೆಗಳ ಜರಿ ಕಿತ್ತು ಬಂದಿತ್ತು. ಆಪಾ ಅಂದು ಬಂದಿರಲಿಲ್ಲ. ಮನೆಗೆ ಹೋದೆ. ಬಾಗಿಲಿಗೆ ಬಂದ ಅವರ ತಾಯಿ, "ಸೋಯೀ ಹೈ," ಎಂದರು. ನಿದ್ದೆ ಮಾಡುವ ಹೊತ್ತಾಗಿರಲಿಲ್ಲ. ತಿರುಗಿ ಬಂದೆ.

ದೊಡ್ಡ ಸಾಹೇಬರ ಕೋಣೆಗೆ ಹೋಗಿ ನಿಂತೆ. ಕೆಲಸ ಮುಗಿದು ಹಸ್ತಾಂತರವಾಗಿದೆ, ಈಗ ಅಗೆದರೆ ಜನ ನಗುತ್ತಾರೆ ಎಂದರು. ಮುಂದಿನ ವರ್ಷ ನೋಡೋಣ ಎಂದರು. ಮತ್ತೆ ತಂಗಿ ಎಂದು ಕರೆದರು. ಹಾಗೆ ಕರೆಯಬೇಡಿ ಎಂದು ಹೇಳಿ ಹೊರಗೆ ಬಂದೆ. ಅಷ್ಟೇ ನನ್ನಿಂದಾದ ಶೌರ್ಯ. ಕೆಲವು ದಿನಗಳಲ್ಲಿ ಕಂಪನಿಯನ್ನೂ ಬಿಟ್ಟೆ. ಅದರಿಂದ ಪೂರ್ವದ ಸಾಲು ಒಂದು ಬೆರಳಿನಷ್ಟೂ ಇಳಿಯಲಿಲ್ಲ.

ಪಶ್ಚಿಮದ ಭಾಗ ಇವತ್ತಿಗೂ ಚೆನ್ನಾಗಿದೆ. ಮಳೆ ನಿಂತ ಮೇಲೆ ಅಲ್ಲಿ ಮಕ್ಕಳು ಬರಿಗಾಲಲ್ಲಿ ಆಡುತ್ತವೆ. ಮುಚ್ಚಿದ್ದ ಬಾವಿಯಲ್ಲಿ ನೀರು ಬಂದಿದೆ. ಅದನ್ನು ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಪೂರ್ವವೂ ಹೀಗೇ ಆಗಬಹುದಿತ್ತು ಎಂಬುದಕ್ಕೆ ಸಾಕ್ಷಿ ಕಣ್ಣೆದುರಿಗೇ ಇದೆ.

ಮತ್ತೆ ಚೌಕಕ್ಕೆ ಹೋದಾಗ ಆಪಾ ಅಂಗಡಿಯ ಮುಂದೆ, ಇಳಿಜಾರಿನ ತಲೆಯಲ್ಲಿ, ಕುರ್ಚಿಯಲ್ಲಿ ಕೂತಿದ್ದರು. ಬೀಗದ ಕೈ ಮಡಿಲಲ್ಲಿತ್ತು. ಕೆಳಗೆ, ಇಳಿಜಾರು ಮುಗಿಯುವಲ್ಲಿ, ಅವರ ಅಬ್ಬಾನ ಕಲ್ಲು ಮತ್ತೆ ಬಾಗಿಲಿಗೆ ಅಡ್ಡ ಕೂತಿತ್ತು. ಅದರ ಕೆಳಗೆ ಅವರ ತಮ್ಮ ಒಂದು ಸಾಲು ಇಟ್ಟಿಗೆ ಹೆಚ್ಚಿಗೆ ಕಟ್ಟಿದ್ದ. ಪಕ್ಕದಲ್ಲಿ ನೀಲಿ ಫಲಕ, ಮೇಲೆ ಬ್ಯಾನರಿನಲ್ಲಿ ಅದೇ ಹಲ್ಲು ಕಚ್ಚಿದ ಮುಖ.

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಭಾಯಿ ಬೆಳಿಗ್ಗಿ ಪಾಳಿಗಿ ಹೋಗ್ಯಾನ," ಎಂದರು. "ಸಾವ್ಕಾರ್ರ ಮನಿಯವರು ಒಂದು ಬಾಜೂ ಹಿಡೀತೀನಿ ಅಂದಾರ. ನೀವು ಇನ್ನೊಂದು ಬಾಜೂ ಹಿಡೀತೀರೇನು?"

ಸಾಹುಕಾರರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಕುರ್ಚಿಯನ್ನು ಹಿಂದಿನಿಂದ ಹಿಡಿದು ಇಳಿಸಿದೆವು. ಕಡಿದಾದ ಇಳಿಜಾರನ್ನು ನಾನು ಅಂದು ಮೊದಲ ಸಲ ಅಂಗೈಯಲ್ಲಿ ಅಳೆದೆ. ಕಲ್ಲಿನ ಹತ್ತಿರ ಅವರು ಬೀಗ ತೆಗೆದು ಶಟರು ನೂಕಿದ ಮೇಲೆ ಇಬ್ಬರೂ ಕುರ್ಚಿ ಎತ್ತಿದೆವು. ಆಪಾ ಕಣ್ಣು ಮುಚ್ಚಿಕೊಂಡಿದ್ದರು. ಗಾಲಿ ಕಲ್ಲಿಗೆ ತಾಗಿ ಕುರ್ಚಿ ವಾಲಿತು, ಅವರು ನನ್ನ ತೋಳು ಹಿಡಿದರು, ಹೇಗೋ ದಾಟಿಸಿದೆವು. ಒಳಗೆ ಕೂತ ಮೇಲೆ ಕುಪ್ಪಸದ ತೋಳು ಸರಿಪಡಿಸಿಕೊಂಡು, ಲೈಟು ಹಚ್ಚಿ, ಬಳೆಗಳ ಅಳತೆ ಬೇರ್ಪಡಿಸಲು ಶುರುಮಾಡಿದರು.

ನಾನು ಹೊರಡುವಾಗ ತಲೆ ಎತ್ತದೆ ಕೇಳಿದರು: "ಸಂಜಿಗಿ ಬರ್ತೀರೇನ್ರಿ? ಭಾಯಿದು ಇವತ್ತ ಡಬಲ್ ಡ್ಯೂಟಿ ಅದ."

ಬರ್ತೇನಿ ಎಂದೆ. ಹೋದೆ. ಅಂದಿನಿಂದ ಡಬಲ್ ಡ್ಯೂಟಿ ಇರುವ ದಿನಗಳಲ್ಲೆಲ್ಲ ಹೋಗುತ್ತಿದ್ದೇನೆ. ಎಲ್ಲರನ್ನೂ ಒಳಗೊಳ್ಳುವ ಆ ಚೌಕದಲ್ಲಿ ನನಗೆ ಉಳಿದಿರುವ ಕೆಲಸ ಇದೊಂದೇ.